ನಿಮಿಷಕ್ಕೆ 24,000 ಸುತ್ತು: ರಿಮೋಟ್ ದೋಣಿಯ ವೇಗ ಮತ್ತು ಬಾಳಿಕೆ

ಇವತ್ತಿನ ವಿಷಯ ರಿಮೋಟ್‌ನಿಂದ ಓಡಿಸುವ ಮಾದರಿ ದೋಣಿ. ಬ್ಯಾಕ್ಟೀರಿಯಾ ನೋಡೋ ಜೀವವಿಜ್ಞಾನಿಗೆ ಇಲ್ಲೇನು ಕೆಲಸ ಅಂತ ಕೇಳಬಹುದು. ಸ್ವೀಡನ್‌ನಲ್ಲಿ ಸುಮಾರು ಒಂದು ಲಕ್ಷ ಕೆರೆಗಳಿವೆ, ಬೇಸಿಗೆಯಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕಿರುತ್ತೆ. ಇಂಥ ಊರಲ್ಲಿ ಈ ಹುಚ್ಚು ಹತ್ತದೇ ಇರೋದೇ ಕಷ್ಟ. ಬ್ಯಾಕ್ಟೀರಿಯಾ ಕೂಡ ಮುಂದೆ ಬರುತ್ತೆ, ತಾಳಿ.

ಹೊಸದಾಗಿ ದೋಣಿ ಕೊಂಡವರು ಮೊದಲು ಕೇಳೋದು, ಏನು ಬದಲಿಸಿದರೆ ಸ್ಪೀಡ್ ಜಾಸ್ತಿ ಆಗುತ್ತೆ ಅಂತ. ಎರಡು ತಿಂಗಳಾದ ಮೇಲೆ ಕೇಳೋದು, ಶಾಫ್ಟ್ ಯಾಕೆ ಪದೇ ಪದೇ ಮುರಿಯುತ್ತೆ ಅಂತ. ನನ್ನ ಪ್ರಕಾರ ಇವೆರಡೂ ಬಹುಮಟ್ಟಿಗೆ ಒಂದೇ ಪ್ರಶ್ನೆ. ಬ್ಯಾಟರಿಯಿಂದ ಹೊರಟ ಶಕ್ತಿ ಮೋಟಾರ್, ಶಾಫ್ಟ್, ಪ್ರೊಪೆಲ್ಲರ್ ದಾಟಿ ನೀರಿಗೆ ಸೇರಬೇಕು. ಸೇರದೆ ಉಳಿದ ಪ್ರತಿ ವ್ಯಾಟ್ ದೋಣಿಯೊಳಗೇ ಬಿಸಿಯಾಗಿ, ನಡುಕವಾಗಿ, ಕಿರುಚಾಟವಾಗಿ ಇರುತ್ತೆ. ಯಂತ್ರವನ್ನ ತಿನ್ನೋದೂ ಅದೇ.

ಮೊದಲು ಸ್ವಲ್ಪ ಲೆಕ್ಕ. ಬ್ರಷ್‌ಲೆಸ್ ಮೋಟಾರ್ ಮೇಲೆ ಕೆವಿ ಅಂತ ಒಂದು ಸಂಖ್ಯೆ ಇರುತ್ತೆ. ಅದು ಕಿಲೋವೋಲ್ಟ್ ಅಲ್ಲ. ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಅಂತ. 2000 ಕೆವಿ ಮೋಟಾರ್‌ಗೆ ನಾಲ್ಕು ಸೆಲ್‌ನ ಲಿಪೋ ಬ್ಯಾಟರಿ, ಅಂದರೆ 14.8 ವೋಲ್ಟ್ ಕೊಟ್ಟರೆ, ಭಾರ ಇಲ್ಲದಾಗ 29,600 ಸುತ್ತು. ನೀರಿನ ಭಾರ ಬಿದ್ದಾಗ ಅದು 24,000ದ ಹತ್ತಿರಕ್ಕೆ ಇಳಿಯುತ್ತೆ ಅನ್ಕೊಳ್ಳಿ.

ಇನ್ನು ಪ್ರೊಪೆಲ್ಲರ್. ಮರದೊಳಕ್ಕೆ ಸ್ಕ್ರೂ ಹೋದ ಹಾಗೆ ಅದು ನೀರಿನೊಳಗೆ ಮುಂದಕ್ಕೆ ಹೋಗುತ್ತೆ. ಈ ವಿಚಾರಕ್ಕೆ 1836ರಲ್ಲಿ ಪೇಟೆಂಟ್ ಪಡೆದವರಲ್ಲಿ ಒಬ್ಬ ಸ್ವೀಡನ್‌ನ ಜಾನ್ ಎರಿಕ್ಸನ್. ಅದೇ ವರ್ಷ ಇಂಗ್ಲೆಂಡಿನ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಕೂಡ ಪಡೆದ. ಒಂದು ಸುತ್ತಿಗೆ ಮುಂದೆ ಹೋಗಬೇಕಾದ ದೂರಕ್ಕೆ ಪಿಚ್ ಅಂತಾರೆ. ರೇಸ್ ದೋಣಿಯವರು ಬಳಸೋ ಆಕ್ಟುರಾ ಎಕ್ಸ್442 ಪ್ರೊಪೆಲ್ಲರ್‌ನ ಹೆಸರಲ್ಲೇ ಅಳತೆ ಇದೆ: ವ್ಯಾಸ 42 ಮಿಲಿಮೀಟರ್, ಪಿಚ್ ಅದರ 1.4 ಪಟ್ಟು, ಅಂದರೆ 58.8 ಮಿಲಿಮೀಟರ್. ಇದನ್ನ 24,000ದಿಂದ ಗುಣಿಸಿದರೆ ಗಂಟೆಗೆ ಸುಮಾರು 85 ಕಿಲೋಮೀಟರ್. ನೀರು ಮರದಷ್ಟು ಗಟ್ಟಿಯಲ್ಲ, ಜಾರುತ್ತೆ. ಅದಕ್ಕೆ ನೂರಕ್ಕೆ 15 ಕಳೆದರೂ 72 ಉಳೀತು. ಮೊಣಕೈ ಉದ್ದದ ದೋಣಿಗೆ ಇದು ಕಮ್ಮಿಯೇನಲ್ಲ.

ಸಾಕಾಗಲ್ಲ ಅಂತ 42ರ ಬದಲು 45 ಮಿಲಿಮೀಟರ್ ಹಾಕ್ತೀವಿ. ಮೂರೇ ಮಿಲಿಮೀಟರ್ ಅಲ್ವಾ! ಆದರೆ ಪ್ರೊಪೆಲ್ಲರ್ ಕೇಳೋ ಶಕ್ತಿ ಹೆಚ್ಚುಕಮ್ಮಿ ವ್ಯಾಸದ ಐದನೇ ಘಾತಕ್ಕೆ ತಕ್ಕಂತೆ ಏರುತ್ತೆ. ಅಷ್ಟೇ ಸುತ್ತಿನಲ್ಲಿ ತಿರುಗಿಸೋಕೆ ನೂರಕ್ಕೆ 40ರಷ್ಟು ಹೆಚ್ಚು ಶಕ್ತಿ ಬೇಕು. ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತೆ; ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತೆ. ಸಾಮಾನ್ಯ ದರ್ಜೆಯ ನಿಯೋಡೈಮಿಯಂ ಅಯಸ್ಕಾಂತ 80 ಡಿಗ್ರಿ ದಾಟಿದರೆ ಶಕ್ತಿ ಕಳಕೊಳ್ಳೋಕೆ ಶುರು. ಇಲ್ಲಿ ಮಾತ್ರ ನಾವು ಬಾಳಿಕೆ ಕೊಟ್ಟು ವೇಗ ಕೊಳ್ತಿದ್ದೀವಿ. ಹಾಗಾಗಿ ಪ್ರೊಪೆಲ್ಲರ್ ದೊಡ್ಡದು ಮಾಡೋದು ಕೊನೆಯ ಕೆಲಸವಾಗಲಿ. ಒಂದು ನಿಮಿಷ ಓಡಿಸಿ, ದಡಕ್ಕೆ ತಂದು, ಮೋಟಾರ್ ಮತ್ತು ಬ್ಯಾಟರಿಯ ಬಿಸಿ ಅಳೆದು, ಆಮೇಲೆ ಯೋಚಿಸಿ. ಲಿಪೋ 60 ಡಿಗ್ರಿ ಮುಟ್ಟಿದರೆ ಹಿಂದಿನ ಅಳತೆಗೇ ವಾಪಸ್.

ಈಗ ಮುರಿಯೋ ಭಾಗಕ್ಕೆ ಬರೋಣ. ಹಳೇ ಸ್ಕೂಟರ್‌ಗಳಲ್ಲಿ ಸ್ಪೀಡೋಮೀಟರ್ ಕೇಬಲ್ ಇರ್ತಿತ್ತು ನೋಡಿ, ಕೊಳವೆಯೊಳಗೆ ತಿರುಗೋ ಹೆಣೆದ ಉಕ್ಕಿನ ತಂತಿ. ವೇಗದ ದೋಣಿಯ ಫ್ಲೆಕ್ಸ್ ಕೇಬಲ್ ಅದರ ಬಲವಾದ ಅಣ್ಣ. ಒಳಗಿರೋ ಮೋಟಾರ್‌ನಿಂದ ಬಾಗಿ ಇಳಿದು, ಹಿಂದುಗಡೆ ನೀರಿಗೆ ಸಮಾನಾಂತರವಾಗಿ ಹೊರಬರುತ್ತೆ. ಎಳೆಗಳನ್ನ ಒಂದು ದಿಕ್ಕಿಗೆ ಸುತ್ತಿರುತ್ತಾರೆ. ಆ ಕಡೆ ತಿರುಗಿದರೆ ಬಿಗಿಯಾಗುತ್ತೆ, ಉಲ್ಟಾ ತಿರುಗಿದರೆ ಬಿಚ್ಚಿಕೊಳ್ಳುತ್ತೆ. ಹಗ್ಗ ಹೊಸೆದವರಿಗೆ ಇದನ್ನ ಹೇಳಿಕೊಡಬೇಕಿಲ್ಲ. ಎಡಕ್ಕೆ ತಿರುಗೋ ಪ್ರೊಪೆಲ್ಲರ್‌ಗೆ ಬೇರೆ ಕೇಬಲ್ ಬೇಕಾಗೋದು, ರಿವರ್ಸ್ ಹೊಡೆಯಬಾರದು ಅನ್ನೋದು ಇದಕ್ಕೇ.

ಹೊಸೆದ ಹಗ್ಗದ ಇನ್ನೊಂದು ಗುಣ, ಬಿಗಿಯಾದಾಗ ಗಿಡ್ಡವಾಗೋದು. ಥ್ರಾಟಲ್ ಒತ್ತಿದಾಗ ಕೇಬಲ್ ಕೂಡ ಸ್ವಲ್ಪ ಗಿಡ್ಡವಾಗಿ ಪ್ರೊಪೆಲ್ಲರನ್ನ ದೋಣಿಯ ಕಡೆಗೆ ಎಳೆಯುತ್ತೆ. ಅದಕ್ಕೆ ಪ್ರೊಪೆಲ್ಲರನ್ನ ಹಿಡಿಯೋ ತುಂಡಿಗೂ ಅದರ ಮುಂದಿನ ಬುಶ್‌ಗೂ ನಡುವೆ ಜಾಗ ಬೇಕು. 4 ಮಿಲಿಮೀಟರ್ ಕೇಬಲ್‌ಗೆ 3 ಮಿಲಿಮೀಟರ್ ಬಿಡೋದು ರೂಢಿ. ಜಾಗ ಇಲ್ಲದಿದ್ದರೆ ಎರಡೂ ಒಂದಕ್ಕೊಂದು ಉಜ್ಜಿ, ಕಾದು, ವೇಗ ಇಳಿದು, ಬುಶ್ ಸವೆದು ಹೋಗುತ್ತೆ. ಖರ್ಚಿಲ್ಲದ ರಿಪೇರಿ, ಒಂದು ಸ್ಪ್ಯಾನರ್ ಸಾಕು. ದಾರಿ ತಪ್ಪಿದ ದೋಣಿಗಳಲ್ಲಿ ನಾನು ಮೊದಲು ನೋಡೋದೂ ಇದನ್ನೇ.

ಬ್ಯಾಕ್ಟೀರಿಯಾದ ಸರದಿ ಈಗ. ಇ. ಕೋಲೈ ಈಜೋದು ತಿರುಗೋ ಮೋಟಾರ್‌ನಿಂದ. ಅದರ ಬಾಲ, ಅಂದರೆ ಫ್ಲಾಜೆಲ್ಲಮ್, ನಿಜವಾಗಿಯೂ ಸುತ್ತುತ್ತೆ. ಮೋಟಾರ್‌ಗೂ ಬಾಲಕ್ಕೂ ನಡುವೆ ಹುಕ್ ಅನ್ನೋ ಬಾಗುವ ತುಂಡಿದೆ. ಅದೂ ಒಂದು ಫ್ಲೆಕ್ಸ್ ಶಾಫ್ಟೇ. ಹತ್ತಿರದ ಸಂಬಂಧಿ ಸಾಲ್ಮೊನೆಲ್ಲಾದಲ್ಲಿ ಅದರ ಉದ್ದ ಸುಮಾರು 55 ನ್ಯಾನೋಮೀಟರ್, ಆ ಉದ್ದ ನೋಡಿಕೊಳ್ಳೋಕೆ ಅಂತಲೇ ಫ್ಲಿಕೆ ಅನ್ನೋ ಪ್ರೋಟೀನ್ ಇದೆ. ಅದು ಕೆಟ್ಟ ತಳಿಗಳಲ್ಲಿ ಹುಕ್ ಮಿತಿಮೀರಿ ಬೆಳೆದು, ಈಜು ಹಾಳಾಗುತ್ತೆ. ದೋಣಿಯಲ್ಲೂ ಕೊಳವೆಯ ಆಸರೆ ಇಲ್ಲದ ಕೇಬಲ್ ಎಷ್ಟು ಉದ್ದವೋ ಅಷ್ಟು ತೊಂದರೆ. ಮೋಟಾರ್‌ನ ಬಾಯಿಗೂ ಕೊಳವೆಯ ಬಾಯಿಗೂ ನಡುವೆ ಒಂದೆರಡು ಸೆಂಟಿಮೀಟರ್ ಸಾಕು.

ಯಾಕೆ ತೊಂದರೆ? ತಿರುಗುವ ಪ್ರತಿ ಶಾಫ್ಟಿಗೂ ತನ್ನದೇ ಒಂದು ಕಂಪನ ಇದೆ. ಸುತ್ತಿನ ವೇಗ ಅದಕ್ಕೆ ತಾಳೆಯಾದರೆ ಶಾಫ್ಟ್ ಬಿಲ್ಲಿನ ಹಾಗೆ ಬಾಗಿ ಹೊಡೆದುಕೊಳ್ಳುತ್ತೆ. ಇದನ್ನ ಜಾಣತನದಿಂದ ದಾಟಿದವನು ಗುಸ್ತಾಫ್ ಡೆ ಲಾವಲ್. ಡಾಲಾರ್ನಾ ಪ್ರಾಂತದ ಊರ್ಸಾದಲ್ಲಿ 1845ರಲ್ಲಿ ಹುಟ್ಟಿ, ಉಪ್ಸಾಲಾದಲ್ಲಿ ಡಾಕ್ಟರೇಟ್ ಪಡೆದವನು. ಹಾಲಿನಿಂದ ಕೆನೆ ಬೇರೆ ಮಾಡೋ ಯಂತ್ರ ಅವನದೇ. ಆಲ್ಫಾ ಲಾವಲ್ ಕಂಪನಿಯ ಹೆಸರಲ್ಲಿ ಇವತ್ತಿಗೂ ಇದ್ದಾನೆ. ಅವನ ಉಗಿ ಟರ್ಬೈನ್ ನಿಮಿಷಕ್ಕೆ 30,000 ಸುತ್ತಿನವರೆಗೆ ಓಡ್ತಿತ್ತು, ನಮ್ಮ ಮೋಟಾರ್‌ನಷ್ಟೇ. ಎಲ್ಲರೂ ಶಾಫ್ಟನ್ನ ದಪ್ಪ ಮಾಡೋ ಕಾಲದಲ್ಲಿ ಅವನು ಬೇಕೆಂದೇ ತೆಳ್ಳಗೆ ಮಾಡಿದ. ತೆಳ್ಳನೆ ಶಾಫ್ಟ್ ಆ ಅಪಾಯದ ವೇಗವನ್ನ ಬೇಗ ದಾಟಿ, ಆಮೇಲೆ ಚಕ್ರ ತನ್ನ ತೂಕದ ಕೇಂದ್ರದ ಸುತ್ತ ತಾನೇ ಶಾಂತವಾಗಿ ತಿರುಗುತ್ತೆ. ನಮ್ಮ ಕೇಬಲ್‌ಗೆ ಆ ಸ್ವಾತಂತ್ರ್ಯ ಇಲ್ಲ, ಅದು ಕೊಳವೆಯೊಳಗೆ ಬಂದಿ. ಒದರಾಡಿದರೆ ಗೋಡೆಗೆ ಬಡಿಯುತ್ತೆ. ಒಂದು ನಿರ್ದಿಷ್ಟ ಥ್ರಾಟಲ್‌ನಲ್ಲಿ ಮಾತ್ರ ಕೇಳೋ ಕಿರುಚು ಬಹಳ ಸಲ ಇದೇ. ಅದೇ ವೇಗದಲ್ಲಿ ನಿಲ್ಲಿಸಿಕೊಂಡು ಓಡಿಸಬೇಡಿ.

ಮೋಟಾರ್ ಮತ್ತು ಶಾಫ್ಟ್ ಒಂದೇ ಗೆರೆಯಲ್ಲಿ ಕೂರಬೇಕು ಅನ್ನೋದು ಇನ್ನೊಂದು ಸ್ವೀಡಿಶ್ ಕಥೆ. ಗೋಥೆನ್‌ಬರ್ಗ್‌ನ ಜೇಡಿಮಣ್ಣಿನ ಮೇಲೊಂದು ಬಟ್ಟೆ ಗಿರಣಿ ಇತ್ತು. ನೆಲ ಕುಸಿದ ಹಾಗೆ ಉದ್ದನೆಯ ಶಾಫ್ಟ್‌ಗಳು ಗೆರೆ ತಪ್ಪಿ ಬೇರಿಂಗ್ ತಿಂದುಹಾಕ್ತಿದ್ದವು. ಅಲ್ಲಿನ ಎಂಜಿನಿಯರ್ ಸ್ವೆನ್ ವಿಂಗ್‌ಕ್ವಿಸ್ಟ್ 1907ರಲ್ಲಿ, ಶಾಫ್ಟ್ ಓರೆಯಾದರೂ ತಾನೇ ಹೊಂದಿಕೊಳ್ಳೋ ಬಾಲ್ ಬೇರಿಂಗ್ ಮಾಡಿದ. ಅದರಿಂದ ಹುಟ್ಟಿದ್ದು ಎಸ್‌ಕೆಎಫ್. ಬೆಂಗಳೂರಿನವರು ಬೊಮ್ಮಸಂದ್ರದಲ್ಲಿ ಅದರ ಬೋರ್ಡ್ ನೋಡಿರ್ತೀರಿ. ಬೆಂಗಳೂರು–ಮೈಸೂರು ಬಸ್ಸಿನ ವೋಲ್ವೋ ಕೂಡ ಎಸ್‌ಕೆಎಫ್‌ನ ಮಗುವೇ, ಲ್ಯಾಟಿನ್‌ನಲ್ಲಿ ಅದರ ಅರ್ಥ ‘ನಾನು ಉರುಳುತ್ತೇನೆ’. ಮಾದರಿ ದೋಣಿಯಲ್ಲಿ ಇಂಥ ಬೇರಿಂಗ್‌ಗೆ ಜಾಗ ಇರಲ್ಲ, ಗೆರೆ ನಾವೇ ಹಿಡಿಯಬೇಕು. ಮೋಟಾರ್ ಸ್ಕ್ರೂ ಸಡಿಲಿಸಿ, ಕೇಬಲ್ ಸಿಕ್ಕಿಸಿ, ಕೈಯಿಂದ ತಿರುಗಿಸಿ. ಎಲ್ಲೂ ಬಿಗಿ ಅನ್ನಿಸದ ಜಾಗದಲ್ಲಿ ಸ್ಕ್ರೂ ಕಟ್ಟಿ.

ಪ್ರೊಪೆಲ್ಲರ್ ತೂಕ ಸಮ ಮಾಡೋದು ಯಾಕೆ ಮುಖ್ಯ ಅನ್ನೋದಕ್ಕೆ ಒಂದು ಲೆಕ್ಕ ಸಾಕು. ಒಂದು ರೆಕ್ಕೆಯಲ್ಲಿ, ಕೇಂದ್ರದಿಂದ 15 ಮಿಲಿಮೀಟರ್ ದೂರದಲ್ಲಿ, ಗ್ರಾಮಿನ ಹತ್ತನೇ ಒಂದು ಭಾಗ ಹೆಚ್ಚಿದೆ ಅನ್ನಿ. 24,000 ಸುತ್ತಿನಲ್ಲಿ ಅದು ಶಾಫ್ಟನ್ನ ಪಕ್ಕಕ್ಕೆ ಎಳೆಯೋ ಬಲ 9.5 ನ್ಯೂಟನ್, ಹತ್ತಿರ ಹತ್ತಿರ ಒಂದು ಕಿಲೋ ತೂಕ. ಸೆಕೆಂಡಿಗೆ 400 ಸಲ ದಿಕ್ಕು ಬದಲಿಸುತ್ತಾ ಎಳೆಯುತ್ತೆ. ಬುಶ್ ಪಾಡೇನು?

ಆದರೆ ಅರ ಹಿಡಿಯೋ ಮುಂಚೆ ಲೋಹ ಯಾವುದು ಅಂತ ನೋಡಿ. ರೇಸ್‌ನ ಒಳ್ಳೆಯ ಪ್ರೊಪೆಲ್ಲರ್‌ಗಳು ಬಹಳಷ್ಟು ಬೆರಿಲಿಯಂ–ತಾಮ್ರದ್ದು. ಅದರ ಧೂಳು ಉಸಿರಲ್ಲಿ ಹೋದರೆ ಕೆಲವರಲ್ಲಿ ಶ್ವಾಸಕೋಶದ ದೀರ್ಘಕಾಲದ ರೋಗ ಬರುತ್ತೆ. ಇದು ಬರೀ ವಿಷದ ಕಥೆಯಲ್ಲ, ರೋಗನಿರೋಧಕ ವ್ಯವಸ್ಥೆಯದು: ಎಚ್‌ಎಲ್‌ಎ–ಡಿಪಿಬಿ1 ಜೀನ್‌ನ ಒಂದು ರೂಪ ಇರುವವರಲ್ಲಿ, 69ನೇ ಜಾಗದಲ್ಲಿ ಗ್ಲುಟಮೇಟ್ ಇದ್ದರೆ, ಅಪಾಯ ಹೆಚ್ಚು. ನಿಮ್ಮಲ್ಲಿ ಆ ರೂಪ ಇದೆಯೋ ಇಲ್ಲವೋ ನಿಮಗೆ ಗೊತ್ತಿರಲ್ಲ. ಒಣಗಿದ್ದನ್ನ ಉಜ್ಜಬೇಡಿ, ನೀರಿನೊಳಗಿಟ್ಟು, ಒಳ್ಳೆ ಮಾಸ್ಕ್ ಹಾಕಿ, ಅಡುಗೆಮನೆಯಿಂದ ದೂರ ಉಜ್ಜಿ. ಮಕ್ಕಳ ಕೈಗೆ ಕೊಡಲೇಬೇಡಿ. ಸ್ವಲ್ಪ ದುಡ್ಡು ಹೆಚ್ಚಾದರೂ ಸಮ ಮಾಡಿ, ಹರಿತ ಮಾಡಿದ್ದನ್ನೇ ಕೊಳ್ಳೋದು ನನ್ನ ಸಲಹೆ.

ಓಡಿಸಿ ಬಂದ ದಿನವೇ ಕೇಬಲ್ ಹೊರಗೆಳೆದು, ಒರೆಸಿ, ಮರೀನ್ ಗ್ರೀಸ್ ಹಚ್ಚಿಡಿ. ಎಳೆ ಬಿಚ್ಚಿದೆಯಾ ಅಂತ ಬೆರಳಾಡಿಸಿ ನೋಡೋದೂ ಆಗುತ್ತೆ. ನೀರು ಯಾವುದು ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಮೇಲಾರೆನ್ ಕೆರೆಯದು ಸಿಹಿನೀರು. ಸ್ಟಾಕ್‌ಹೋಮ್ ಹೊರಗಿನ ಬಾಲ್ಟಿಕ್‌ನಲ್ಲಿ ಲೀಟರಿಗೆ ಆರೇಳು ಗ್ರಾಂ ಉಪ್ಪು. ಮಂಗಳೂರಿನ ಕಡಲಿಗೆ ಹೋಲಿಸಿದರೆ ಐದರಲ್ಲೊಂದು ಭಾಗ. ನಾಲಿಗೆಗೆ ಅಷ್ಟೇನೂ ಅನ್ನಿಸಲ್ಲ, ಉಕ್ಕಿನ ಎಳೆಗೆ ಅನ್ನಿಸುತ್ತೆ. ಅಲ್ಲಿಂದ ಬಂದರೆ ಮೊದಲು ನಲ್ಲಿ ನೀರಲ್ಲಿ ತೊಳೆಯಿರಿ.

ಇಷ್ಟು ಮಾಡಿಯೂ ಒಂದಿನ ದೋಣಿ ಕೆರೆ ಮಧ್ಯೆ ನಿಲ್ಲುತ್ತೆ. ಏಪ್ರಿಲ್‌ನಲ್ಲಿ ಮಂಜು ಕರಗಿದ ಕೂಡಲೇ ಹೊರಡೋರು ಇಲ್ಲಿ ಎಚ್ಚರದಿಂದಿರಿ. ನಾಲ್ಕೈದು ಡಿಗ್ರಿ ನೀರಿಗೆ ಇಳಿದ ಮೊದಲ ಒಂದು ನಿಮಿಷ ಉಸಿರು ನಮ್ಮ ಹಿಡಿತದಲ್ಲಿರಲ್ಲ, ತಾನಾಗೇ ಏದುಸಿರು ಬರುತ್ತೆ. ಬಾಯಿ ನೀರೊಳಗಿದ್ದರೆ ನೀರೇ ಒಳಗೆ ಹೋಗುತ್ತೆ. ಹತ್ತು ನಿಮಿಷದೊಳಗೆ ಕೈಕಾಲು ಮಾತು ಕೇಳಲ್ಲ. ಈಜು ಬರುತ್ತೆ ಅನ್ನೋದು ಇಲ್ಲಿ ಉಪಯೋಗಕ್ಕೆ ಬರಲ್ಲ. ಕಾರಿನಲ್ಲಿ ಒಂದು ಮೀನಿನ ಗಾಳದ ಕೋಲು ಇಟ್ಟಿರಿ, ದಾರದ ತುದಿಗೆ ಟೆನಿಸ್ ಚೆಂಡು ಕಟ್ಟಿರಿ. ದೋಣಿಯ ಆಚೆಗೆ ಎಸೆದು ನಿಧಾನಕ್ಕೆ ಸುತ್ತಿಕೊಂಡರೆ ದಾರ ದೋಣಿಗೆ ಸಿಕ್ಕಿ, ದಡಕ್ಕೆ ಬರುತ್ತೆ. ಸಿಗದಿದ್ದರೆ ಗಾಳಿ ಯಾವ ಕಡೆ ಅಂತ ನೋಡಿ, ಆ ದಡಕ್ಕೆ ಹೋಗಿ ಕೂತು ಫ್ಲಾಸ್ಕಿನ ಕಾಫಿ ಕುಡಿಯಿರಿ.