ಹೃದಯದಾನ: ಮನೆಯ ಮಾತೇ ಮೊದಲು

ಇಡಗುಂಜಿ ಮಹಾಗಣಪತಿಯ ದರ್ಶನಕ್ಕೆ ತೆರಳುವ ಸದ್ಭಕ್ತರಿಗೆ ಕರಾವಳಿಯ ಹೆದ್ದಾರಿಯ ಅಪಘಾತಗಳು ಹೊಸತಲ್ಲ. ತಲೆಗೆ ತೀವ್ರ ಪೆಟ್ಟಾದವರನ್ನು ಮಣಿಪಾಲಕ್ಕೋ ಮಂಗಳೂರಿಗೋ ಒಯ್ಯುವುದುಂಟು. ಕೆಲವರ ಮಿದುಳು ಅಲ್ಲಿ ಸಂಪೂರ್ಣ ನಿಷ್ಕ್ರಿಯವಾದರೂ ಉಸಿರಾಟದ ಯಂತ್ರದ ನೆರವಿನಿಂದ ಹೃದಯ ಮಿಡಿಯುತ್ತಿರುತ್ತದೆ.

ಭಾರತದ ಮೊದಲ ಯಶಸ್ವಿ ಹೃದಯ ಕಸಿ ನಡೆದುದು 1994ರ ಆಗಸ್ಟ್ 3ರಂದು, ದೆಹಲಿಯಲ್ಲಿ, ಡಾ. ಪಿ. ವೇಣುಗೋಪಾಲರಿಂದ. ಅದೇ ವರ್ಷದ ಕಾಯಿದೆಯಂತೆ ವೈದ್ಯರ ಮಂಡಳಿಯು 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮಿದುಳಿನ ಮರಣವನ್ನು ದೃಢಪಡಿಸಬೇಕು. ಆಪ್ತ ಬಂಧುಗಳು ಒಪ್ಪಬೇಕು.

ಬಂಧುಗಳ ನಿರ್ಧಾರ ತಡವಾದಂತೆಲ್ಲ ರಕ್ತದೊತ್ತಡ ಕುಸಿದು ಹೃದಯವೂ ಕೆಡುತ್ತದೆ. ಹೊರತೆಗೆದು ತಂಪಿನಲ್ಲಿಟ್ಟ ಹೃದಯವು ಸುಮಾರು 4 ಗಂಟೆಗಳೊಳಗೆ ಮತ್ತೊಂದು ಎದೆಯನ್ನು ಸೇರಬೇಕು. ಮೂತ್ರಪಿಂಡದಂತೆ ಅದು ಹೆಚ್ಚು ಕಾಲ ಕಾಯದು. ಹೃದಯವನ್ನು ಬೆಚ್ಚಗಿರಿಸಿ ಮಿಡಿಸುತ್ತಲೇ ಸಾಗಿಸುವ ಯಂತ್ರಗಳು ಬಂದಿವೆ, ಆದರೆ ಬಲು ದುಬಾರಿ. ನಮ್ಮ ರಾಜ್ಯದಲ್ಲಿ ಅಂಗಗಳ ಹಂಚಿಕೆಯನ್ನು ‘ಜೀವಸಾರ್ಥಕತೆ’ ಸಂಸ್ಥೆ ನೋಡಿಕೊಳ್ಳುತ್ತದೆ. ಒಪ್ಪಿಗೆಯ ಮಾತನ್ನು ಮಾತ್ರ ಯಾವ ಸಂಸ್ಥೆಯೂ ನಮಗಾಗಿ ಆಡಲಾರದು.

ದೇಹವನ್ನು ಹೊಲಿದು ಗೌರವದಿಂದ ಮರಳಿಸುವುದರಿಂದ ಸಮಾಧಿ ಸಂಸ್ಕಾರಕ್ಕೆ ಅಡ್ಡಿಯಿಲ್ಲ. ದಾನಪತ್ರಕ್ಕೆ ಸಹಿ ಹಾಕಿದವರೂ ತಮ್ಮ ಇಚ್ಛೆಯನ್ನು ಮನೆಯವರಿಗೆ ತಿಳಿಸಿರಬೇಕು. ಕಣ್ಣೀರಿನ ಹೊತ್ತಿನಲ್ಲಿ ನಿರ್ಧಾರ ಕಠಿಣ. ಆದುದರಿಂದ ಮನೆಮಂದಿಯೆಲ್ಲ ಆರೋಗ್ಯವಾಗಿರುವಾಗಲೇ ಕುಳಿತು ಈ ಮಾತನ್ನು ಆಡಿ ಮುಗಿಸೋಣ.