ಕೆರೆ ಓದಲು ಕಲಿತ ಮೂಡುಬಿದಿರೆಯ ಮಕ್ಕಳು

ಮೂಡುಬಿದಿರೆಗೆ ಬರುವ ಪ್ರವಾಸಿಗರು ಸಾವಿರ ಕಂಬದ ಬಸದಿಯ ಮುಂದೆ ಬಸ್ಸಿನಿಂದ ಇಳಿಯುತ್ತಾರೆ, 1430ರ ಆ ಶಿಲ್ಪವೈಭವವನ್ನು ಕಣ್ತುಂಬಿಕೊಂಡು ಕಾರ್ಕಳದ ಗೊಮ್ಮಟನ ಕಡೆಗೆ ಹೊರಡುತ್ತಾರೆ. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂದು ಊರಿನ ಹಿರಿಯರು ಇಂದಿಗೂ ಲೆಕ್ಕ ಹೇಳುವುದುಂಟು. ಬಸದಿಗಳಿಗೆ ನಾಮಫಲಕ ಇದೆ, ಅವುಗಳ ಕಥೆ ಹೇಳುವವರಿದ್ದಾರೆ. ಕೆರೆಗಳಿಗೆ ಆ ಭಾಗ್ಯ ಇಲ್ಲ. ಕಡಲಕೆರೆ ಎಂದರೆ ಹೊರಗಿನವರಿಗೆ ನೆನಪಾಗುವುದು ಅಲ್ಲಿನ ನಿಸರ್ಗಧಾಮದಲ್ಲಿ ನಡೆಯುವ ಕೋಟಿ–ಚೆನ್ನಯ ಜೋಡುಕರೆ ಕಂಬಳ. ಆ ಕೆರೆಯ ನೀರಲ್ಲಿ ಏನೇನು ಬದುಕಿದೆ ಎಂದು ಕೇಳಿದರೆ ದೊಡ್ಡವರು ತಡವರಿಸುತ್ತಾರೆ. ಹೈಸ್ಕೂಲಿನ ವಿಜ್ಞಾನ ಸಂಘದ ಮಕ್ಕಳನ್ನು ಕೇಳಿ ನೋಡಿ, ಅವರಲ್ಲಿ ಉತ್ತರ ಉಂಟು.

ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುತ್ತದೆ. ಇಷ್ಟು ಮಳೆಯ ಊರಿಗೆ ಕೆರೆ ಯಾಕೆ ಬೇಕಿತ್ತು? ಉತ್ತರ ಕಾಲಡಿಯಲ್ಲೇ ಇದೆ. ಇದು ಮುರಕಲ್ಲಿನ ನೆಲ. ಸೂಕ್ಷ್ಮ ರಂಧ್ರಗಳ ಈ ಕಲ್ಲು ಆಷಾಢದಲ್ಲಿ ನೀರನ್ನು ಎಷ್ಟು ಬೇಗ ಕುಡಿಯುತ್ತದೋ ಅಷ್ಟೇ ಬೇಗ ಇಳಿಜಾರಿನ ತೋಡುಗಳಿಗೆ ಬಿಟ್ಟುಕೊಡುತ್ತದೆ. ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲಿ ಕೆಸರು, ಏಪ್ರಿಲ್ ಬಂತೆಂದರೆ ಬಾವಿಯ ತಳ ಕಾಣುತ್ತದೆ. ಮಳೆ ನೀರನ್ನು ಗುಡ್ಡದ ಮೇಲೆ ಮದಕಗಳಲ್ಲಿ, ಊರ ನಡುವೆ ಕೆರೆಗಳಲ್ಲಿ, ತೋಡುಗಳಿಗೆ ಅಡ್ಡಲಾಗಿ ಕಲ್ಲು–ಮಣ್ಣಿನ ಕಟ್ಟ ಹಾಕಿ ತಡೆದು ನಿಲ್ಲಿಸಿದ್ದರಿಂದಲೇ ಕೆಳಗಿನ ಬೈಲಿನ ಬಾವಿಗಳಲ್ಲಿ ನೀರು ಉಳಿಯುತ್ತಿತ್ತು. ಕೆರೆ ಕೆಟ್ಟರೆ ಬಾವಿ ಕೆಡುತ್ತದೆ ಎಂಬುದು ಇಲ್ಲಿ ಪಾಠಪುಸ್ತಕದ ಮಾತಾಗಿ ಉಳಿದಿಲ್ಲ, ಮನೆ ಮನೆಯ ಅನುಭವವಾಗಿದೆ.

ಊರಂಚಿನ ಒಂದು ಕೆರೆಯ ದಡದಲ್ಲಿ ಎಂಟು, ಒಂಬತ್ತನೇ ತರಗತಿಯ ಮಕ್ಕಳ ತಂಡವೊಂದು ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಿದೆ. ಉದ್ದ ಕೋಲಿಗೆ ಹಳೆಯ ಸೊಳ್ಳೆಪರದೆ ಹೊಲಿದು ಮಾಡಿದ ಬಲೆ, ಬಿಳಿ ಪ್ಲಾಸ್ಟಿಕ್ ತಟ್ಟೆ, ಭೂತಗನ್ನಡಿ, ಹಗ್ಗ ಕಟ್ಟಿದ ಸ್ಟೀಲ್ ಮುಚ್ಚಳ. ಮುಚ್ಚಳಕ್ಕೆ ಕಪ್ಪು–ಬಿಳಿ ಬಣ್ಣ ಬಳಿದಿತ್ತು. ಅದನ್ನು ನೀರಿಗೆ ಇಳಿಸುತ್ತಾ ಹೋಗಿ, ಕಣ್ಣಿಗೆ ಮರೆಯಾದ ಆಳವನ್ನು ಹಗ್ಗದ ಗಂಟುಗಳಿಂದ ಅಳೆಯುತ್ತಾರೆ. 1865ರಲ್ಲಿ ಇಟಲಿಯ ಪಾದ್ರಿ, ಖಗೋಳವಿಜ್ಞಾನಿ ಏಂಜೆಲೊ ಸೆಕ್ಕಿ ಮೆಡಿಟರೇನಿಯನ್ ಸಮುದ್ರದ ತಿಳಿಯನ್ನು ಅಳೆಯಲು ಬಳಸಿದ ಉಪಾಯ ಇದು. ಮೇಲಿನ ಗುಡ್ಡದಲ್ಲಿ ಮಣ್ಣು ಅಗೆದ ವರ್ಷ ಮುಚ್ಚಳ ಬೇಗ ಮರೆಯಾಗುತ್ತದೆ. ಖರ್ಚಿಲ್ಲದ ಈ ಅಳತೆಯನ್ನು ಮಕ್ಕಳು ವಾರವಾರವೂ ಮಾಡಬಹುದು.

ಬಲೆಯನ್ನು ದಡದ ಹುಲ್ಲಿನ ಬುಡದಲ್ಲಿ ಎಳೆದು ತಟ್ಟೆಗೆ ಕೊಡವಿದಾಗ ಮೊದಲು ಕಾಣಿಸಿದ್ದು ಕೊಳೆತ ಎಲೆ, ಕೆಸರು. ಸ್ವಲ್ಪ ಹೊತ್ತು ಕಾದರೆ ಕೆಸರೇ ಅಲುಗಾಡುತ್ತದೆ. ‘ಎಂತ ಟೀಚರ್ ಇದು? ಜೇಡವಾ?’ ಎಂದು ಒಬ್ಬಳು ಕೇಳಿದಳು. ಆರು ಕಾಲು, ದಪ್ಪ ತಲೆ, ಕಂದು ಮೈ. ಏರೋಪ್ಲೇನ್ ಚಿಟ್ಟೆ ಎಂದು ಮಕ್ಕಳು ಕರೆಯುವ ಕೊಡತಿಕೀಟದ ಮರಿ ಅದು. ರೆಕ್ಕೆ ಬರುವ ಮುಂಚೆ ತಿಂಗಳುಗಟ್ಟಲೆ ನೀರಲ್ಲೇ ಬೆಳೆಯುತ್ತದೆ. ಅದರ ಕೆಳದವಡೆ ಮಡಚಿಕೊಂಡು ಮುಖದಡಿ ಕೂತಿರುತ್ತದೆ, ಬೇಟೆ ಹತ್ತಿರ ಬಂದ ಕೂಡಲೇ ಕಣ್ಣೆವೆ ಮುಚ್ಚುವುದರೊಳಗೆ ಮುಂದಕ್ಕೆ ಚಾಚಿ ಹಿಡಿಯುತ್ತದೆ. ತಟ್ಟೆಯಲ್ಲಿದ್ದ ಸೊಳ್ಳೆಮರಿಯೊಂದು ಹಾಗೆ ಕಾಣೆಯಾದಾಗ ಮಕ್ಕಳ ಗುಂಪಿನಿಂದ ಎದ್ದ ಉದ್ಗಾರವನ್ನು ಯಾವ ತರಗತಿಯ ಕೋಣೆಯಲ್ಲೂ ನಾನು ಕೇಳಿಲ್ಲ.

ಈ ಹುಳಗಳ ಲೆಕ್ಕವೇ ಇಡೀ ಅಧ್ಯಯನದ ತಿರುಳು. ಶೀಸೆಯಲ್ಲಿ ತುಂಬಿದ ನೀರು ಆ ಹೊತ್ತಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ನಿನ್ನೆ ರಾತ್ರಿ ಯಾರೋ ಕೊಳಕು ಬಿಟ್ಟು, ಇವತ್ತು ಮಳೆ ಬಂದು ತೊಳೆದುಹೋಗಿದ್ದರೆ ಶೀಸೆಗೆ ಅದು ಗೊತ್ತಾಗದು. ಹುಳಗಳು ಹಾಗಲ್ಲ, ತಿಂಗಳುಗಳಿಂದ ಅದೇ ನೀರಲ್ಲಿ ಬದುಕಿ ಬಂದವು. ಮೇಫ್ಲೈ, ಸ್ಟೋನ್‌ಫ್ಲೈ ಮರಿಗಳಿಗೆ ಆಮ್ಲಜನಕ ಸಮೃದ್ಧವಾಗಿರುವ ಶುಚಿ ನೀರೇ ಆಗಬೇಕು. ಹರಿಯುವ ತೋಡಿನ ಕಲ್ಲುಗಳಡಿ ಅವು ಸಿಕ್ಕರೆ ಸಂತೋಷದ ಸುದ್ದಿ. ಕೆಸರಿನಲ್ಲಿ ಬರೀ ಕೆಂಪು ಹುಳಗಳು ತುಂಬಿದ್ದರೆ ಎಚ್ಚರ ಬೇಕು. ಆ ಹುಳದ ಕೆಂಪು ನಮ್ಮ ರಕ್ತದಲ್ಲಿರುವಂಥದೇ ಹಿಮೊಗ್ಲೋಬಿನ್‌ನದು. ಆಮ್ಲಜನಕ ತೀರಾ ಕಡಿಮೆ ಇರುವ ಕೊಳೆ ನೀರಲ್ಲೂ ಅದು ಬದುಕಿಕೊಳ್ಳುತ್ತದೆ. ಬಾಲದ ಕೊಳವೆಯಿಂದ ಮೇಲಿನ ಗಾಳಿ ಎಳೆದುಕೊಳ್ಳುವ ಹುಳಗಳು ಮಾತ್ರ ಉಳಿದಿವೆ ಎಂದರೆ ನೀರಿನ ಆಮ್ಲಜನಕ ಮುಗಿದುಹೋಗಿದೆ ಎಂದೇ ಅರ್ಥ.

ಹುಳದ ಸಾಕ್ಷ್ಯವನ್ನು ಮಕ್ಕಳು ರಸಾಯನಶಾಸ್ತ್ರದಿಂದ ತಾಳೆ ನೋಡುತ್ತಾರೆ. ಕರಗಿದ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನ 1888ರಷ್ಟು ಹಳೆಯದು, ಇಂದಿಗೂ ನಂಬಿಕೆಗೆ ಅರ್ಹ. ಒಂದೂ ಗುಳ್ಳೆ ಬಾರದಂತೆ ಶೀಸೆ ತುಂಬಬೇಕು, ಮಕ್ಕಳಿಗೆ ಕಷ್ಟವಾಗುವುದು ಇದೊಂದೇ. ಎರಡು ದ್ರಾವಣಗಳ ಹನಿ ಬಿಟ್ಟಾಗ ಆಮ್ಲಜನಕ ಇದ್ದರೆ ಕಂದು ಗಸಿ, ಇಲ್ಲದಿದ್ದರೆ ಬಿಳಿ ಗಸಿ. ಆಮ್ಲ ಹಾಕುವ ಕೆಲಸ ಟೀಚರದ್ದು. ಕೊನೆಗೆ ಗಂಜಿ ದ್ರಾವಣದಿಂದ ನೀಲಿಯಾದ ನೀರು ಥಯೋಸಲ್ಫೇಟಿನ ಎಷ್ಟನೇ ಹನಿಗೆ ಬಣ್ಣ ಬಿಟ್ಟಿತು ಎಂದು ಇಡೀ ತಂಡ ಉಸಿರು ಬಿಗಿಹಿಡಿದು ಎಣಿಸುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಂತೆ ಸ್ನಾನಕ್ಕೆ ಯೋಗ್ಯವಾದ ನೀರಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ, ಮೀನು ಮತ್ತು ವನ್ಯಜೀವಿಗಳಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು.

ಇಲ್ಲೊಂದು ಮೋಸ ಉಂಟು. ಸಾಬೂನು ನೀರು, ಗೊಬ್ಬರ, ಕೊಳಚೆ ಸೇರಿ ಪಾಚಿಗಟ್ಟಿದ ಹಸಿರು ಕೆರೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಅಳೆದರೆ ಆಮ್ಲಜನಕ ತುಂಬಿ ತುಳುಕುತ್ತಿರುತ್ತದೆ, ಬಿಸಿಲಿಗೆ ಪಾಚಿ ತಯಾರಿಸಿದ್ದು ಅದು. ರಾತ್ರಿಯಿಡೀ ಅದೇ ಪಾಚಿ ಆಮ್ಲಜನಕವನ್ನು ಉಸಿರಾಡಿ ಖಾಲಿ ಮಾಡುತ್ತದೆ. ಮೀನು ಸಾಯುವುದು ನಸುಕಿನಲ್ಲಿ. ಶಾಲೆಯ ವೇಳಾಪಟ್ಟಿಗೆ ಹೊಂದಿಸಿ ಹನ್ನೊಂದು ಗಂಟೆಗೆ ಮಾತ್ರ ನೀರು ತೆಗೆದರೆ ರೋಗಿಷ್ಟ ಕೆರೆಯೂ ಆರೋಗ್ಯವಾಗಿ ಕಾಣುತ್ತದೆ. ಕೆರೆ ಬದಿಯಲ್ಲೇ ಮನೆಯಿರುವ ಮಕ್ಕಳು ಬೆಳಗ್ಗೆ ಆರಕ್ಕೆ ಹಿರಿಯರೊಂದಿಗೆ ಹೋಗಿ ನೀರು ಹಿಡಿದು, ಅಲ್ಲಿಯೇ ಮೊದಲ ಎರಡು ದ್ರಾವಣಗಳ ಹನಿ ಹಾಕಿ ಶಾಲೆಗೆ ತರಬಹುದು. ಪೇಟೆಯ ಪ್ರಯೋಗಾಲಯದಿಂದ ಯಾರೂ ಆ ಹೊತ್ತಿಗೆ ಬರುವುದಿಲ್ಲ. ಊರ ಮಕ್ಕಳ ದಾಖಲೆಗೆ ಬೆಲೆ ಬರುವುದು ಇಂಥ ಕಡೆ.

ಆಮ್ಲೀಯತೆಯ ವಿಷಯದಲ್ಲೂ ಸ್ಥಳೀಯ ಜ್ಞಾನ ಬೇಕು. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರ ಒಳಗೆ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಕರಾವಳಿಯ ಮುರಕಲ್ಲಿನ ಬಾವಿಗಳಲ್ಲಿ ಅದು 6.5ಕ್ಕಿಂತ ಕೆಳಗಿರುವುದು ಸಾಮಾನ್ಯ. ಇದು ನೆಲದ ಗುಣ, ಮಾಲಿನ್ಯ ಎಂದು ಗಾಬರಿಪಡಬೇಕಾಗಿಲ್ಲ. ನಿಜವಾಗಿ ಹೆದರಬೇಕಾದದ್ದು ಮಲದ ಬ್ಯಾಕ್ಟೀರಿಯಾಕ್ಕೆ. ಇದಕ್ಕೆಂದೇ ಪರೀಕ್ಷಾ ರಾಸಾಯನಿಕ ಹಾಕಿಟ್ಟ ಸಣ್ಣ ಶೀಸೆಯಲ್ಲಿ ನೀರು ತುಂಬಿ ಬೆಚ್ಚಗೆ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಅದು ಇರುವ ಸಂಭವ ಹೆಚ್ಚು. ಮುರಕಲ್ಲಿನಲ್ಲಿ ಶೌಚದ ಗುಂಡಿಯ ನೀರು ಬಾವಿಗೆ ದಾರಿ ಹುಡುಕಿಕೊಳ್ಳಲು ಹೆಚ್ಚು ದಿನ ಬೇಕಾಗಿಲ್ಲ. ಕೆರೆ ಪರೀಕ್ಷೆಗೆ ಹೊರಟ ಮಕ್ಕಳು ಮನೆಯ ಬಾವಿ ನೀರನ್ನೂ ತಂದು, ಶೀಸೆ ಕಪ್ಪಾದದ್ದನ್ನು ಅಮ್ಮನಿಗೆ ತೋರಿಸಿದರೆ, ಅಂದಿನಿಂದ ನೀರು ಕುದಿಸುವ ಅಭ್ಯಾಸ ಶುರುವಾಗುತ್ತದೆ. ಎಷ್ಟೋ ಜಾಹೀರಾತುಗಳಿಂದ ಆಗದ ಕೆಲಸ ಇದು.

ಅಡಿಕೆ ತೋಟದ ಮನೆಗಳ ಮಕ್ಕಳಿಗೆ ಇನ್ನೊಂದು ಒಳ್ಳೆಯ ಪ್ರಶ್ನೆ ಕಾದಿದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಬಿಡುವುದು ಇಲ್ಲಿ ಪ್ರತಿ ವರ್ಷದ ಕಾಯಕ. ಬೆಳೆ ಉಳಿಯಬೇಕಾದರೆ ಬಿಡಲೇಬೇಕು. ಅದರ ತಾಮ್ರ ಮಳೆಯೊಡನೆ ತೋಡಿಗೆ ಇಳಿದರೆ ನೀರಿನ ಹುಳ, ಶಂಖದ ಹುಳುಗಳಿಗೆ ವಿಷ. ಮದ್ದು ಬಿಟ್ಟ ದಿನಾಂಕ ಅಪ್ಪನಿಗೆ ಗೊತ್ತು, ತೋಡಿನ ಹುಳಗಳ ಲೆಕ್ಕ ಮಗಳ ಪುಸ್ತಕದಲ್ಲಿದೆ. ಇವೆರಡನ್ನೂ ಪಕ್ಕಪಕ್ಕ ಬರೆದರೆ ಪಟ್ಟಣದ ಸಂಶೋಧಕರಿಗೂ ಬೇಕಾದ ಅಧ್ಯಯನವೊಂದು ಸಿದ್ಧವಾಗುತ್ತದೆ.

ಮಕ್ಕಳ ಇಂಥ ಕೆಲಸಕ್ಕೆ ವೇದಿಕೆಗಳಿವೆ. ಸ್ಥಳೀಯ ಸಮಸ್ಯೆಯನ್ನೇ ಅಧ್ಯಯನ ಮಾಡಿ ಬರಬೇಕು ಎನ್ನುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಟಿ.ವಿ. ರಾಮಚಂದ್ರ ಅವರ ತಂಡ ಕೆರೆಗಳ ಕುರಿತು 2000ದಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ, ಎರಡು ವರ್ಷಕ್ಕೊಮ್ಮೆ ನಡೆಯುವ ಸಮ್ಮೇಳನ 2014ರಲ್ಲಿ ಶಿರಸಿಗೆ ಬಂತು. 2016 ಮತ್ತು 2018ರಲ್ಲಿ ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯ ಆವರಣದಲ್ಲಿ ನಡೆಯಿತು. ವಿಜ್ಞಾನಿಗಳು ಕೂತು ಕೇಳುವ ಸಭೆಯಲ್ಲಿ ಶಾಲಾ ಮಕ್ಕಳೂ ತಮ್ಮ ಊರಿನ ಕೆರೆಯ ಬಗ್ಗೆ ಪ್ರಬಂಧ ಮಂಡಿಸಬಹುದು ಎಂಬುದು ಸಣ್ಣ ಸಂಗತಿಯಲ್ಲ.

ಮಕ್ಕಳಿಂದ ಏನು ಮಹಾ ಸಿಕ್ಕೀತು ಎನ್ನುವವರಿಗೆ ಈ ಸೀಮೆಯ ಎರಡು ಕಪ್ಪೆಗಳ ಕಥೆ ಸಾಕು. ಮಣಿಪಾಲದ ಮುರಕಲ್ಲಿನ ಬಯಲಲ್ಲಿ ಸಿಕ್ಕ, ಸುಮಾರು 1.6 ಸೆಂಟಿಮೀಟರ್ ಉದ್ದದ ಕಪ್ಪೆಯೊಂದನ್ನು ಹೊಸ ಪ್ರಭೇದವೆಂದು ವಿಜ್ಞಾನ ಲೋಕ ಒಪ್ಪಿದ್ದು 2016ರಲ್ಲಿ. ಆ ಕಲ್ಲಿನ ಹೆಸರನ್ನೇ ಅದಕ್ಕೆ ಇಟ್ಟರು. ಎರಡೇ ವರ್ಷಕ್ಕೆ ಮಂಗಳೂರು ನಗರದೊಳಗೇ ಇನ್ನೊಂದು ಹೊಸ ಕಪ್ಪೆ ಸಿಕ್ಕಿತು, ಅದಕ್ಕೆ ಊರಿನ ಹಳೆಯ ಹೆಸರಾದ ಕೊಡಿಯಾಲ ಎಂಬುದನ್ನು ಸೇರಿಸಿ ನಾಮಕರಣ ಮಾಡಿದರು. ದಿನವೂ ಜನ ಓಡಾಡುವ ಜಾಗದಲ್ಲಿ, ಮಳೆಗಾಲದ ಗುಂಡಿಗಳಲ್ಲಿ ಇಷ್ಟು ಕಾಲ ಕೂಗುತ್ತಲೇ ಇದ್ದ ಜೀವಿಗಳು ಇವು. ಸಂಜೆ ಕೆರೆ ಬದಿಯಲ್ಲಿ ಕಪ್ಪೆಯ ಕೂಗನ್ನು ಮೊಬೈಲಿನಲ್ಲಿ ಹಿಡಿಯುವ ಹುಡುಗನ ಕೆಲಸವನ್ನು ಹಗುರವಾಗಿ ಕಾಣಬಾರದು.

ನನ್ನ ಬೇಸರ ಬೇರೆ ಕಡೆ ಇದೆ. ಹೆಚ್ಚಿನ ಕಡೆ ಇಂಥ ಅಧ್ಯಯನ ‘ಪ್ರಾಜೆಕ್ಟ್’ ಆಗಿ ಮುಗಿಯುತ್ತದೆ. ಮಕ್ಕಳು ಚಂದದ ವರದಿ ಬರೆದು, ಪ್ರಮಾಣಪತ್ರ ಪಡೆದು, ಮುಂದಿನ ತರಗತಿಗೆ ಹೋಗುತ್ತಾರೆ. ಅಂಕಿಅಂಶದ ಪುಸ್ತಕ ಬೀರು ಸೇರುತ್ತದೆ. ಮರುವರ್ಷದ ತಂಡ ಮೊದಲಿನಿಂದ ಶುರು. ಒಂದು ವರ್ಷದ ಲೆಕ್ಕದಿಂದ ಕೆರೆಯ ಬಗ್ಗೆ ಹೇಳಬಹುದಾದದ್ದು ಬಹಳ ಕಡಿಮೆ. ಸಿಳ್ಳೆಬಾತುಗಳು ಈ ಸಲ ಯಾಕೆ ಬರಲಿಲ್ಲ, ನೀರು ಯಾಕೆ ಹಸಿರಾಯಿತು ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಅಕ್ಕ ಬರೆದ ಪುಸ್ತಕವನ್ನು ತಂಗಿ ಮುಂದುವರಿಸಬೇಕು. ಹಾಜರಿ ಪುಸ್ತಕವನ್ನು ಜೋಪಾನ ಮಾಡುವಷ್ಟೇ ಶ್ರದ್ಧೆಯಿಂದ ಶಾಲೆಗಳು ಕೆರೆ ಪುಸ್ತಕವನ್ನೂ ಜೋಪಾನ ಮಾಡಬೇಕು.

ಆ ಪುಸ್ತಕ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕೆರೆ ಅಭಿವೃದ್ಧಿ ಎಂದರೆ ಹೂಳೆತ್ತಿ, ಸುತ್ತಲೂ ಕಡಿದಾದ ಕಲ್ಲಿನ ಗೋಡೆ ಕಟ್ಟಿ, ಮೇಲೆ ನಡೆದಾಡುವ ಹಾದಿ ಮಾಡುವುದು ಎಂಬ ತಿಳಿವಳಿಕೆ ಎಲ್ಲೆಡೆ ಬೇರೂರಿದೆ. ಹೂಳು ತೆಗೆಯುವುದು ಸರಿ. ಗೋಡೆ ಎದ್ದ ಕಡೆ ಹುಲ್ಲು ಬೆಳೆಯುವ ತೆಳುನೀರಿನ ಅಂಚೇ ಇಲ್ಲವಾಗುತ್ತದೆ. ಹುಂಡುಕೋಳಿ ಗೂಡು ಕಟ್ಟುವುದು ಅಲ್ಲಿ, ಕಪ್ಪೆ ಮೊಟ್ಟೆಯಿಡುವುದು ಅಲ್ಲಿ, ಕೊಡತಿಕೀಟದ ಮರಿ ಹುಲ್ಲುಕಡ್ಡಿ ಹತ್ತಿ ಪೊರೆ ಕಳಚುವುದೂ ಅಲ್ಲಿ. ಸೊಳ್ಳೆಮರಿಯನ್ನು ತಿನ್ನುವವರನ್ನೆಲ್ಲ ಓಡಿಸಿ ಆಮೇಲೆ ಸೊಳ್ಳೆಗೆ ಮದ್ದು ಹೊಡೆಯುತ್ತೇವೆ. ಹುಲ್ಲಿನ ಅಂಚಿನಲ್ಲಿ ಬಲೆ ಎಳೆದಾಗ ಸಿಕ್ಕಿದ್ದೆಷ್ಟು, ಗೋಡೆಯ ಬದಿ ಸಿಕ್ಕಿದ್ದೆಷ್ಟು ಎಂದು ಮಕ್ಕಳು ತಟ್ಟೆ ಸಮೇತ ತೋರಿಸಬಲ್ಲರು. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಯಾವ ಎಂಜಿನಿಯರನಿಗೆ ಬೇಕು?

ಕೆಳಗಿನ ಊರುಗಳ ಹೊಣೆಯೂ ನಮ್ಮ ಮೇಲಿದೆ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರ ಪ್ರದೇಶದ ಮನೆ, ತೋಟಗಳನ್ನು ಮುಚ್ಚಿತು. ಅದರ ಕೊಳೆನೀರು ಫಲ್ಗುಣಿ ನದಿ ಸೇರುವ ಬಗ್ಗೆ ಆಗ ಎಲ್ಲರೂ ಮಾತಾಡಿದರು. ಅಂಥ ಅನಾಹುತವಾದ ಮೇಲೆ ನೀರು ಪರೀಕ್ಷಿಸಲು ತಂಡಗಳು ಬರುತ್ತವೆ. ಅದಕ್ಕೆ ಮುಂಚೆ ಆ ನೀರು ಹೇಗಿತ್ತು ಎಂದು ಹೇಳಲು ತೋಡು ತೋಡಿಗೂ ಒಂದು ದಾಖಲೆ ಬೇಕು. ಅಂಥ ದಾಖಲೆ ಇಡಬಲ್ಲ, ಪ್ರತಿ ಊರಲ್ಲೂ ಇರುವ ಸಂಸ್ಥೆ ಶಾಲೆ ಒಂದೇ.

ಎಚ್ಚರಿಕೆಯ ಮಾತೊಂದನ್ನು ಬಿಡುವಂತಿಲ್ಲ. ಕೆರೆ ಆಟದ ಜಾಗವಲ್ಲ. ಈ ಜಿಲ್ಲೆಯಲ್ಲಿ ಮಳೆಗಾಲದ ಇಲಿಜ್ವರ ಹೊಸತಲ್ಲ. ಗಾಯವಿರುವ ಕಾಲು ನೀರಿಗಿಡಬಾರದು, ಕೈಯನ್ನು ಸಾಬೂನಿನಿಂದ ತೊಳೆದೇ ಬುತ್ತಿ ಬಿಚ್ಚಬೇಕು, ದೊಡ್ಡವರಿಲ್ಲದೆ ಯಾವ ಮಗುವೂ ದಡಕ್ಕೆ ಹೋಗಕೂಡದು. ಹಿಡಿದ ಜೀವಿಗಳನ್ನು ಎಣಿಸಿ, ಚಿತ್ರ ಬರೆದು, ಅದೇ ನೀರಿಗೆ ಬಿಡಬೇಕು.

ಗ್ರಾಮ ಪಂಚಾಯತ್‌ಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ನಿಯಮ ರಾಜ್ಯದಲ್ಲಿದೆ. ಹಲವು ಕಡೆ ಅದು ಹಾರ, ಭಾಷಣ, ಶೌಚಾಲಯದ ಬೇಡಿಕೆಯಲ್ಲಿ ಮುಗಿಯುತ್ತದೆ. ಈ ಸಲದ ಸಭೆಗೆ ನಿಮ್ಮ ಊರಿನ ಶಾಲೆಯ ಮಕ್ಕಳು ಕೆರೆ ಪುಸ್ತಕ ಹಿಡಿದು ಬರುವಂತೆ ಮಾಡಿ. ಅಧ್ಯಕ್ಷರು, ಅಭಿವೃದ್ಧಿ ಅಧಿಕಾರಿ ಅದನ್ನು ಓದಿಸಿ ಕೇಳಲಿ, ನಡಾವಳಿಯಲ್ಲಿ ಬರೆಸಲಿ. ಕೆರೆಗೆ ಗೋಡೆ ಕಟ್ಟುವ ಅಂದಾಜುಪಟ್ಟಿಗೆ ಸಹಿ ಬೀಳುವುದು ಆಮೇಲೆ ಆಗಲಿ.