ಆಟದ ಯಂತ್ರದಲ್ಲಿ ಕನ್ನಡದ ಒತ್ತಕ್ಷರ

ಗಣಕದ ಆಟಗಳನ್ನು ನಿರ್ಮಿಸಲು ನೆರವಾಗುವ ‘ಗೋಡೋ’ ಎಂಬ ತಂತ್ರಾಂಶವು, ಎಂದರೆ ಆಟದ ಯಂತ್ರವು, ಅರ್ಜೆಂಟೀನದಲ್ಲಿ ಜನಿಸಿ, 2014ರಲ್ಲಿ ತನ್ನ ಮೂಲಸಂಕೇತವನ್ನು ಸರ್ವರಿಗೂ ಮುಕ್ತವಾಗಿಸಿದುದರಿಂದ, ಕನ್ನಡ ವಿದ್ಯಾರ್ಥಿಯೂ ಅದನ್ನು ಓದಿ ತಿದ್ದಬಲ್ಲನು. ಅದರ ಎಡಿಟರ್, ಎಂದರೆ ನಿರ್ಮಾತೃವು ದೃಶ್ಯಗಳನ್ನು ಜೋಡಿಸುವ ಕಾರ್ಯಾಂಗಣವು, ಅದೇ ಯಂತ್ರದ ಗುಂಡಿ, ಫಲಕಗಳಿಂದ ರಚಿತವಾದುದರಿಂದ, ಒಳರಚನೆಯ ಒಂದು ಪರಿಷ್ಕರಣದಿಂದ ಆಟಕ್ಕೂ ಎಡಿಟರಿಗೂ ಏಕಕಾಲದಲ್ಲಿ ಫಲ ಲಭಿಸುತ್ತದೆ. ಹಿಂದಿನ ಆವೃತ್ತಿಗಳು ಅಕ್ಷರಗಳನ್ನು ಒಂದರ ಪಕ್ಕದಲ್ಲೊಂದಾಗಿ ಇರಿಸುತ್ತಿದ್ದುದರಿಂದ ನಮ್ಮ ಒತ್ತಕ್ಷರಗಳು ಛಿದ್ರವಾಗಿ ತೋರುತ್ತಿದ್ದವು; 2023ರ ಮಾರ್ಚ್ ತಿಂಗಳಲ್ಲಿ ಬಂದ ನಾಲ್ಕನೆಯ ಆವೃತ್ತಿಯು ಅಕ್ಷರವಿನ್ಯಾಸದ ಭಾಗವನ್ನು ಪ್ರತ್ಯೇಕಿಸಿ, ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶದ ನೆರವಿನಿಂದ ಹೊಸದಾಗಿ ಕಟ್ಟಿದುದರಿಂದ ಒತ್ತಕ್ಷರಗಳು ಕೂಡಿಕೊಂಡು ತೋರುವಂತಾಯಿತು. ಇದು ಬಹಿರಂಗದ ಅಲಂಕಾರಕ್ಕಿಂತ ಮಿಗಿಲಾದ ಉಪಕಾರವೆಂದು ನಾನು ಭಾವಿಸುತ್ತೇನೆ. ಲಿಪಿ ಸರಿಹೋದ ಮೇಲೆ ಉಳಿದುದು ಭಾಷಾಂತರ; ಎಡಿಟರಿನ ಪದಗಳನ್ನು ಭಾಷಾಂತರಿಸುವವರು ಸ್ವಯಂಸೇವಕರೇ. ಕನ್ನಡ ಬಲ್ಲ ತರುಣರು ಆ ಕಾರ್ಯಕ್ಕೆ ಕೈಹಾಕಬೇಕು.